ಜೇನ್ನೊಣದ ದೂರಮಾಪಕ: ಎಂ. ವಿ. ಶ್ರೀನಿವಾಸನ್ ಅವರ ಸಂಶೋಧನೆಯ ಒಂದು ಪರಿಚಯ

ಮುಂಬಯಿಯಿಂದ ಬೆಂಗಳೂರಿಗೆ ಹೊರಟ ರೈಲು ಕರ್ಜತ್ ದಾಟಿ ಖಂಡಾಲಾ ಘಟ್ಟವನ್ನು ಏರತೊಡಗಿದಾಗ ಅದರ ವೇಗ ಕುಗ್ಗುತ್ತದೆ. ಗಾಡಿ ನಿಧಾನವಾಗಿ ಸಾಗುತ್ತಿರುವುದು ಪ್ರಯಾಣಿಕನಿಗೆ ಚೆನ್ನಾಗಿ ಗೊತ್ತು. ಆದರೂ ಸುರಂಗದೊಳಕ್ಕೆ ಹೊಕ್ಕ ಕೂಡಲೇ, ಬೋಗಿಯ ದೀಪದ ಬೆಳಕಿನಲ್ಲಿ ಕಾಣುವ ಕಲ್ಲಿನ ಗೋಡೆ ಕಣ್ಣಿಗೆ ಹಿಡಿಯದಷ್ಟು ರಭಸದಿಂದ ಹಿಂದಕ್ಕೆ ಓಡುತ್ತದೆ. ಸುರಂಗ ಮುಗಿದು ಕಣಿವೆ ತೆರೆದುಕೊಂಡಾಗ ಗಾಡಿಯ ವೇಗ ಬದಲಾಗಿರುವುದಿಲ್ಲ. ಆದರೆ ಎದುರಿನ ಬೆಟ್ಟ ಕದಲದೆ ನಿಂತಂತೆ ತೋರುತ್ತದೆ. ಮೂವತ್ತು ವರುಷಗಳಿಂದ ಊರಿಗೂ ಉದ್ಯೋಗಕ್ಕೂ ನಡುವೆ ಈ ಹಾದಿಯಲ್ಲಿ ಓಡಾಡಿದ ನಮಗೆ ಇದು ಎಂದೂ ಒಂದು ಪ್ರಶ್ನೆಯಾಗಿ ಕಂಡಿರಲಿಲ್ಲ. ಜೇನ್ನೊಣವು ತಾನು ಹಾರಿದ ದಾರಿಯ ಉದ್ದವನ್ನು ಅಳೆಯುವುದು ಕಣ್ಣೆದುರಿನ ಈ ಓಟದಿಂದಲೇ ಎಂದು ಓದಿದ ಮೇಲೆ ಕಿಟಕಿಯ ಪಕ್ಕದ ಆಸನಕ್ಕೆ ಬೇರೆಯೇ ಅರ್ಥ ಬಂದಿತು.

ಈ ವಿಚಾರವನ್ನು ಪ್ರಯೋಗದ ಮೂಲಕ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಪ್ರಮುಖರು ಮಂಡ್ಯಂ ವೀರಂಬುಡಿ ಶ್ರೀನಿವಾಸನ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ವಿಷಯದ ಸ್ನಾತಕೋತ್ತರ ಪದವಿ, ಆ ಬಳಿಕ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾಕ್ಟರೇಟ್: ಇದು ಅವರ ವಿದ್ಯಾಭ್ಯಾಸದ ಹಾದಿ. ಜೀವಶಾಸ್ತ್ರ ಓದಿ ಕೀಟಗಳ ಬಳಿಗೆ ಬಂದವರಲ್ಲ. ಯಂತ್ರಗಳ ನಿಯಂತ್ರಣವನ್ನು ಕಲಿತು, ಅದೇ ಕಣ್ಣಿನಿಂದ ಕೀಟವನ್ನು ನೋಡಿದವರು. ಅವರ ವೃತ್ತಿಜೀವನದ ಬಹುಭಾಗ ಆಸ್ಟ್ರೇಲಿಯಾದಲ್ಲಿ, ಮೊದಲು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ, ಆ ಬಳಿಕ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕಳೆಯಿತು. 2001ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ 2006ರಲ್ಲಿ ಆಸ್ಟ್ರೇಲಿಯಾದ ಪ್ರಧಾನ ಮಂತ್ರಿಗಳ ವಿಜ್ಞಾನ ಪ್ರಶಸ್ತಿಯೂ ಅವರಿಗೆ ಸಂದವು. ಕನ್ನಡ ನಾಡಿನಲ್ಲಿ ಓದಿ ಹೊರಗೆ ಹೆಸರು ಮಾಡಿದವರ ಪಟ್ಟಿಗಳನ್ನು ನಮ್ಮ ಸಂಘ ಸಂಸ್ಥೆಗಳು ಆಗಾಗ ಪ್ರಕಟಿಸುತ್ತವೆ. ಆ ಪಟ್ಟಿಗಳಲ್ಲಿ ಇವರ ಹೆಸರು ಅಪರೂಪ. ಆದರೆ ಈ ಲೇಖನವನ್ನು ನಾವು ಬರೆಯುತ್ತಿರುವುದು ಸನ್ಮಾನಪತ್ರವಾಗಿ ಅಲ್ಲ. ಅವರು ಮಾಡಿದ್ದೇನು, ಅದರಲ್ಲಿ ಎಷ್ಟು ನಿಂತಿದೆ, ಯಾವುದರ ಬಗ್ಗೆ ಪ್ರಶ್ನೆ ಎದ್ದಿದೆ ಎಂಬುದನ್ನು ಕಲಾ ವಿಭಾಗದ ಪದವೀಧರರಾದ ನಮಗೆ ತಿಳಿದಷ್ಟರ ಮಟ್ಟಿಗೆ ಸರಳವಾಗಿ ತಿಳಿಸುವುದೇ ಉದ್ದೇಶ.

ಕದಲದ ಕಣ್ಣು

ಮನುಷ್ಯನಿಗೆ ಎರಡು ಕಣ್ಣುಗಳ ನಡುವೆ ಮೂರು ಬೆರಳಿನಷ್ಟು ಅಂತರವಿದೆ. ಎರಡರಲ್ಲಿ ಮೂಡುವ ಚಿತ್ರಗಳ ಅಲ್ಪ ವ್ಯತ್ಯಾಸದಿಂದ ಮಿದುಳು ದೂರವನ್ನು ಊಹಿಸುತ್ತದೆ. ಹತ್ತಿರದ್ದನ್ನು ನೋಡಲು ಕಣ್ಣಿನ ಮಸೂರ ಉಬ್ಬುತ್ತದೆ, ದೂರದ್ದಕ್ಕೆ ಚಪ್ಪಟೆಯಾಗುತ್ತದೆ. ಜೇನ್ನೊಣಕ್ಕೆ ಈ ಸೌಕರ್ಯ ಯಾವುದೂ ಇಲ್ಲ. ಅದರ ಕಣ್ಣುಗಳು ತಲೆಗೆ ಅಂಟಿಕೊಂಡಿವೆ, ಕದಲುವುದಿಲ್ಲ. ಮಸೂರದ ನಾಭಿ ಬದಲಾಗದು. ಎರಡು ಕಣ್ಣುಗಳ ನಡುವಣ ಅಂತರ ತೀರ ಕಿರಿದು. ಸಂಯುಕ್ತ ನೇತ್ರದ ಕೆಲವು ಸಾವಿರ ಮುಖಗಳಿಂದ ಬರುವ ಚಿತ್ರವೂ ನಮ್ಮ ದೃಷ್ಟಿಗೆ ಹೋಲಿಸಿದರೆ ಒರಟು. ಇನ್ನು ಮಿದುಳೋ, ತೂಕ ಒಂದು ಮಿಲಿಗ್ರಾಮಿನ ಆಸುಪಾಸು, ನರಕೋಶಗಳು ಹತ್ತು ಲಕ್ಷಕ್ಕೂ ಕಡಿಮೆ. ಇಷ್ಟರಲ್ಲಿಯೇ ಅದು ಗಿಡಗಂಟಿಗಳ ಸಂದಿಯಲ್ಲಿ ನುಸುಳಿ, ಕಿಲೋಮೀಟರುಗಟ್ಟಲೆ ಹೋಗಿ, ಗಾಳಿಗೆ ತೂಗುವ ಹೂವಿನ ಮೇಲೆ ಇಳಿದು, ತಪ್ಪದೆ ಗೂಡಿಗೆ ಮರಳುತ್ತದೆ.

ಎಂಜಿನಿಯರನಿಗೆ ಆಸಕ್ತಿ ಹುಟ್ಟುವುದು ಇಲ್ಲಿಯೇ. ಇದೇ ಕೆಲಸವನ್ನು ಯಂತ್ರದಿಂದ ಮಾಡಿಸಲು ರಡಾರ್ ಬೇಕು, ಲೇಸರ್ ಬೇಕು, ಭಾರಿ ಗಣಕಯಂತ್ರ ಬೇಕು ಎಂದು ಭಾವಿಸಲಾಗಿದ್ದ ಕಾಲವದು. ನೊಣ ಬೇರೇನೋ ಸುಲಭದ ದಾರಿ ಹಿಡಿದಿರಬೇಕು. ಆ ದಾರಿ ಯಾವುದು?

1980ರ ದಶಕದ ಕೊನೆಯಲ್ಲಿ ಶ್ರೀನಿವಾಸನ್ ಹಾಗೂ ಜರ್ಮನ್ ವಿಜ್ಞಾನಿ ವೋಲ್ಫ್‌ಗಾಂಗ್ ಕಿರ್ಶ್ನರ್ ಒಂದು ಸರಳ ಪ್ರಯೋಗ ಮಾಡಿದರು. ಜೇನ್ನೊಣಗಳು ಒಂದು ಇಕ್ಕಟ್ಟಾದ ಓಣಿಯ ಮೂಲಕ ಹಾರಿ ಸಕ್ಕರೆ ನೀರಿನ ಬಟ್ಟಲನ್ನು ತಲುಪುವಂತೆ ರೂಢಿ ಮಾಡಿಸಲಾಯಿತು. ಓಣಿಯ ಎರಡೂ ಗೋಡೆಗಳ ಮೇಲೆ ಕಪ್ಪು ಬಿಳುಪಿನ ಅಡ್ಡಪಟ್ಟೆಗಳು. ನೊಣಗಳು ಅಚ್ಚುಕಟ್ಟಾಗಿ ನಡುಮಧ್ಯದಲ್ಲಿ ಹಾರಿದವು. ಬಳಿಕ ಒಂದು ಗೋಡೆಯ ಪಟ್ಟೆಗಳನ್ನು ನೊಣ ಹಾರುವ ದಿಕ್ಕಿಗೇ ಚಲಿಸುವಂತೆ ಮಾಡಿದರು. ಆಗ ಆ ಬದಿಯ ದೃಶ್ಯದ ಓಟ ನೊಣದ ಕಣ್ಣಿಗೆ ನಿಧಾನವಾಯಿತು. ನೊಣ ಆ ಗೋಡೆಯ ಕಡೆಗೆ ಸರಿಯಿತು. ಪಟ್ಟೆಗಳನ್ನು ಎದುರು ದಿಕ್ಕಿಗೆ ಓಡಿಸಿದಾಗ ಆ ಗೋಡೆಯಿಂದ ದೂರ ಸರಿಯಿತು. ಅಂದರೆ ನೊಣವು ಗೋಡೆ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತಿಲ್ಲ. ಎಡಗಣ್ಣಿನಲ್ಲಿಯೂ ಬಲಗಣ್ಣಿನಲ್ಲಿಯೂ ದೃಶ್ಯದ ಓಟವನ್ನು ಸಮನಾಗಿಟ್ಟುಕೊಳ್ಳುತ್ತಿದೆ, ಅಷ್ಟೇ. ಓಟ ಸಮನಾದರೆ ಅಂತರವೂ ಸಮನಾಗಿರುತ್ತದೆ. ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಆಪ್ಟಿಕ್ ಫ್ಲೋ ಎಂದು ಕರೆಯುವ ಈ ಓಟವನ್ನು ನಾವು ಇಲ್ಲಿ ದೃಶ್ಯಪ್ರವಾಹ ಎನ್ನೋಣ.

ಓಣಿ ಕಿರಿದಾದಲ್ಲಿ ನೊಣ ತಾನಾಗಿಯೇ ನಿಧಾನಿಸುತ್ತದೆ, ಅಗಲವಾದಲ್ಲಿ ವೇಗ ಹೆಚ್ಚಿಸುತ್ತದೆ ಎಂಬುದೂ ಮುಂದಿನ ಪ್ರಯೋಗಗಳಲ್ಲಿ ಕಂಡುಬಂದಿತು. ಇಕ್ಕಟ್ಟಿನಲ್ಲಿ ಹುಷಾರಾಗಿರಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರವಾಹದ ವೇಗವನ್ನು ಒಂದೇ ಮಟ್ಟದಲ್ಲಿ ಉಳಿಸಿಕೊಳ್ಳಲು ಹೋದರೆ ಎಚ್ಚರಿಕೆ ತಾನೇ ತಾನಾಗಿ ಒದಗುತ್ತದೆ. 1990ರ ದಶಕದಲ್ಲಿ ಕ್ಯಾನ್‌ಬೆರಾದಲ್ಲಿಯೂ ಯೂರೋಪಿನ ಕೆಲವು ಪ್ರಯೋಗಶಾಲೆಗಳಲ್ಲಿಯೂ ಎರಡು ಬದಿಗೆ ಕ್ಯಾಮೆರಾ ಹೊತ್ತ ಪುಟ್ಟ ರೋಬಾಟ್ ಗಾಡಿಗಳು ಇದೇ ಸೂತ್ರವನ್ನು ಅನುಸರಿಸಿ ಓಣಿಗಳಲ್ಲಿ ಗೋಡೆಗೆ ತಾಗದೆ ಸಾಗಿದವು.

ಕುಣಿತವು ಹೇಳುವ ದೂರ

ಜೇನ್ನೊಣದ ಕುಣಿತದ ಮಾತನ್ನು ನಮ್ಮ ಓದುಗರಲ್ಲಿ ಅನೇಕರು ಶಾಲೆಯ ಪಾಠದಲ್ಲಿ ಓದಿರಬಹುದು. ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ ಅದರ ಅರ್ಥವನ್ನು ಬಿಡಿಸಿದರು. 1973ರಲ್ಲಿ ಕೊನ್ರಾಡ್ ಲೊರೆಂಜ್ ಹಾಗೂ ನಿಕೊ ಟಿನ್‌ಬರ್ಗನ್ ಅವರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಒಳ್ಳೆಯ ಹೂವಿನ ತಾಣ ಕಂಡು ಬಂದ ನೊಣವು ಗೂಡಿನ ಕತ್ತಲಿನಲ್ಲಿ, ಲಂಬವಾಗಿ ನಿಂತ ಜೇನುಹುಟ್ಟಿನ ಮೇಲೆ ಹೊಟ್ಟೆಯನ್ನು ಅತ್ತಿತ್ತ ಓಲಾಡಿಸುತ್ತ ನೇರವಾಗಿ ನಡೆದು, ತಿರುಗಿ ಬಂದು, ಮತ್ತೆ ನಡೆಯುತ್ತದೆ. ಆ ನಡಿಗೆಯು ಮೇಲ್ಮುಖ ಗೆರೆಯಿಂದ ಎಷ್ಟು ಓರೆಯಾಗಿದೆಯೋ, ಹೂವಿನ ತಾಣ ಸೂರ್ಯನ ದಿಕ್ಕಿನಿಂದ ಅಷ್ಟೇ ಓರೆಯಲ್ಲಿದೆ. ಓಲಾಟ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ದೂರದ ಸೂಚನೆ. ತೀರ ಹತ್ತಿರದ ಆಹಾರವಾದರೆ ಓಲಾಟವಿಲ್ಲದ ದುಂಡು ಕುಣಿತ ಸಾಕು.

ಆದರೆ ದೂರ ಅದಕ್ಕೆ ತಿಳಿಯುವುದು ಹೇಗೆ? ಹಾರಾಟದಲ್ಲಿ ವ್ಯಯವಾದ ಶಕ್ತಿಯಿಂದ ಎಂಬುದು ಬಹುಕಾಲ ಮಾನ್ಯವಾಗಿದ್ದ ಉತ್ತರ. ಕೇಳಲು ಸಹಜವಾಗಿಯೇ ಇದೆ. ತಲೆಯ ಮೇಲೆ ಹೊರೆ ಹೊತ್ತು ಸಂತೆಗೆ ನಡೆದವನು ಕಾಲಿನ ನೋವಿನಿಂದಲೇ ಹರದಾರಿಯನ್ನು ಅಳೆಯುತ್ತಾನೆ. 1990ರ ದಶಕದ ನಡುವಿನಲ್ಲಿ ಅಮೆರಿಕದ ಹೆರಾಲ್ಡ್ ಎಷ್ ಮತ್ತು ಜಾನ್ ಬರ್ನ್ಸ್ ಈ ಉತ್ತರವನ್ನು ಒಂದು ಬಲೂನಿನ ಸಹಾಯದಿಂದ ಪರೀಕ್ಷಿಸಿದರು. ಆಹಾರದ ಬಟ್ಟಲನ್ನು ಬಲೂನಿಗೆ ಕಟ್ಟಿ ಮೇಲಕ್ಕೆ ಏರಿಸುತ್ತ ಹೋದರು. ಮೇಲಕ್ಕೆ ಹಾರಲು ಶ್ರಮ ಹೆಚ್ಚು, ಆದ್ದರಿಂದ ಕುಣಿತ ಹೆಚ್ಚು ದೂರವನ್ನು ಹೇಳಬೇಕಾಗಿತ್ತು. ಫಲಿತಾಂಶ ತದ್ವಿರುದ್ಧವಾಯಿತು. ಬಲೂನು ಏರಿದಂತೆ ನೊಣಗಳು ಕಡಿಮೆ ದೂರವನ್ನೇ ಸೂಚಿಸಿದವು. ಎತ್ತರಕ್ಕೆ ಹೋದಷ್ಟೂ ನೆಲದ ದೃಶ್ಯ ಮೆಲ್ಲಗೆ ಸರಿಯುತ್ತದೆ. ಖಂಡಾಲಾದ ಬೆಟ್ಟದ ಹಾಗೆ.

ಇದಕ್ಕೆ ಹೊಂದಿಕೊಂಡಂತೆ ಶ್ರೀನಿವಾಸನ್, ಅವರ ಸಹೋದ್ಯೋಗಿ ಶಾವು ಝಾಂಗ್ ಮತ್ತಿತರರು ಸುರಂಗದ ಪ್ರಯೋಗಗಳನ್ನು ನಡೆಸಿದರು. ಅವುಗಳಲ್ಲಿ 1997ರಲ್ಲಿ ಪ್ರಕಟವಾದುದು ಹೀಗಿದೆ: ಸುರಂಗದೊಳಗೆ ಒಂದು ನಿಶ್ಚಿತ ದೂರದಲ್ಲಿ ಸಕ್ಕರೆ ನೀರು ಕುಡಿಯಲು ರೂಢಿಯಾದ ನೊಣಗಳನ್ನು, ಬಟ್ಟಲು ತೆಗೆದಿಟ್ಟು ಮತ್ತೆ ಒಳಗೆ ಬಿಡಲಾಯಿತು. ಅವು ಅದೇ ದೂರಕ್ಕೆ ಹೋಗಿ ಅಲ್ಲಿಯೇ ಹಿಂದೆ ಮುಂದೆ ಹುಡುಕಿದವು. ಸುರಂಗವನ್ನು ಕಿರಿದು ಮಾಡಿದಾಗ ಗುರಿಗಿಂತ ಮೊದಲೇ ಹುಡುಕತೊಡಗಿದವು. ಪಟ್ಟೆಗಳನ್ನು ಅಡ್ಡಲಾಗಿ ಬಿಟ್ಟು ಉದ್ದಕ್ಕೆ ಬಳಿದಾಗ, ಹಾರುವ ದಿಕ್ಕಿನಲ್ಲಿಯೇ ಗೆರೆಗಳಿರುವುದರಿಂದ ಯಾವ ಓಟವೂ ಕಾಣಿಸದೆ, ದೂರದ ಅಂದಾಜೇ ತಪ್ಪಿ ಉದ್ದಕ್ಕೂ ಅಲೆದವು.

2000ದಲ್ಲಿ ಜರ್ಮನಿಯ ಯುರ್ಗೆನ್ ಟೌಟ್ಸ್ ಅವರೊಡಗೂಡಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚು ಪ್ರಸಿದ್ಧವಾದುದು. ಗೂಡಿನ ಸಮೀಪವೇ ಆರು ಮೀಟರಿಗಿಂತ ಸ್ವಲ್ಪ ಉದ್ದದ, ಇಕ್ಕಟ್ಟಾದ, ಚಿತ್ತಾರವುಳ್ಳ ಸುರಂಗ. ಅದರೊಳಗೆ ಹಾರಿ ಆಹಾರ ಕಂಡು ಮರಳಿದ ನೊಣಗಳು ದುಂಡು ಕುಣಿತ ಕುಣಿಯಬೇಕಾಗಿತ್ತು. ಬದಲಾಗಿ ಅವು ಇನ್ನೂರು ಮೀಟರಿಗೆ ಹತ್ತಿರದ ದೂರವನ್ನು ಸೂಚಿಸುವ ಓಲಾಟದ ಕುಣಿತ ಕುಣಿದವು ಎಂದು ಆ ಪ್ರಬಂಧ ವರದಿ ಮಾಡಿತು. ಗೋಡೆ ಅಷ್ಟು ಹತ್ತಿರವಿದ್ದುದರಿಂದ ಆರು ಮೀಟರಿನಲ್ಲಿಯೇ ಬಹುದೂರದ ದೃಶ್ಯ ಸರಿದುಹೋದಂತಾಗಿ ನೊಣ ಮೋಸಹೋಯಿತು. ಮರುವರುಷ ‘ನೇಚರ್’ ಪತ್ರಿಕೆಯಲ್ಲಿ ಎಷ್, ಝಾಂಗ್, ಶ್ರೀನಿವಾಸನ್ ಮತ್ತು ಟೌಟ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೋಸಹೋದ ನೊಣದ ಕುಣಿತವನ್ನು ನಂಬಿ ಹೊರಟ ಬೇರೆ ನೊಣಗಳು ಸುರಂಗಕ್ಕೆ ಬರಲಿಲ್ಲ. ಅವು ಬಯಲಿನಲ್ಲಿ, ಆ ತಪ್ಪು ಸಂದೇಶ ಹೇಳಿದಷ್ಟೇ ದೂರದಲ್ಲಿ, ಇಲ್ಲದ ಆಹಾರವನ್ನು ಹುಡುಕಿದವು. ಕುಣಿತವನ್ನು ನೋಡಿದವು ಅದನ್ನು ನಿಜವಾಗಿ ಓದುತ್ತವೆ ಎಂಬುದಕ್ಕೂ ಇದು ಪುರಾವೆ.

ಟ್ಯಾಕ್ಸಿಯ ಮೀಟರು ಚಕ್ರದ ಸುತ್ತುಗಳನ್ನು ಎಣಿಸುತ್ತದೆ, ಊರು ಯಾವುದಾದರೂ ಅದಕ್ಕೆ ಒಂದೇ. ಜೇನಿನ ಮೀಟರು ಹಾಗಲ್ಲ. ಮರಗಿಡ ಒತ್ತಾಗಿರುವ ದಾರಿಯಲ್ಲಿ ಅದು ಬೇಗ ಓಡುತ್ತದೆ, ನೀರಿನ ಮೇಲೆ ಮೆಲ್ಲಗೆ. ಒಂದೇ ಗೂಡಿನ ನೊಣಗಳು ಒಂದೇ ದಿಕ್ಕಿನಲ್ಲಿ ಒಂದೇ ಬಗೆಯ ಭೂದೃಶ್ಯದ ಮೂಲಕ ಹೋಗುವುದರಿಂದ ಇದರಿಂದ ಅವುಗಳಿಗೆ ತೊಂದರೆಯಾಗದು. ಕುಣಿದದ್ದನ್ನೂ ಕಂಡದ್ದನ್ನೂ ಒಂದೇ ಅಳತೆಗೋಲು ಅಳೆಯುತ್ತದೆ. ನಮ್ಮ ಹಳ್ಳಿಗಳ ಮಾರು, ಮೊಳಗಳೂ ಹೀಗೆಯೇ ಒಂದು ಊರಿನೊಳಗೆ ನ್ಯಾಯವಾಗಿ ನಡೆಯುತ್ತಿದ್ದವಲ್ಲವೆ?

ಆದರೆ ನೀರು ಕನ್ನಡಿಯಂತೆ ನಿಂತಾಗ ಅಪಾಯವಿದೆ. 1963ರಷ್ಟು ಹಿಂದೆಯೇ ಹೆರಾನ್ ಮತ್ತು ಲಿಂಡೌವರ್ ಎಂಬ ವಿಜ್ಞಾನಿಗಳು ಸರೋವರದ ಮೇಲೆ ಹಾರುವ ನೊಣಗಳನ್ನು ಗಮನಿಸಿದ್ದರು. ಅಲೆಗಳಿದ್ದರೆ ನೊಣ ದಾಟುತ್ತದೆ. ನೀರು ನಿಶ್ಚಲವಾಗಿದ್ದರೆ ಕೆಳಗೆ ಕೆಳಗೆ ಇಳಿದು ಮುಳುಗುತ್ತದೆ. 2022ರಲ್ಲಿ ಫ್ರಾನ್ಸಿನ ಸಂಶೋಧಕರು ಸುರಂಗದ ನೆಲಕ್ಕೆ ಕನ್ನಡಿ ಹಾಸಿ ಇದನ್ನೇ ಮತ್ತೆ ಕಂಡರು. ಕೆಳಗೆ ಸರಿಯುವ ನೆಲ ಕಾಣದಿದ್ದಾಗ ನೊಣ ಎತ್ತರವನ್ನು ಉಳಿಸಿಕೊಳ್ಳಲಾರದು.

ಇಳಿಯುವ ಲೆಕ್ಕ

ಎಂಜಿನಿಯರಿಂಗಿಗೆ ನೇರವಾಗಿ ಒದಗಿದ್ದು ಜೇನ್ನೊಣ ನೆಲಕ್ಕೆ ಇಳಿಯುವ ರೀತಿ. ವಿಮಾನ ಇಳಿಸಲು ಎತ್ತರ ಎಷ್ಟು, ಮುಂದಕ್ಕೆ ವೇಗ ಎಷ್ಟು, ಇಳಿಯುವ ವೇಗ ಎಷ್ಟು ಎಂಬ ಮೂರೂ ಲೆಕ್ಕಗಳು ಬೇಕು. ನೊಣಕ್ಕೆ ಇವುಗಳಲ್ಲಿ ಒಂದೂ ಗೊತ್ತಿಲ್ಲ. ಶ್ರೀನಿವಾಸನ್ ತಂಡ 2000ದಲ್ಲಿ ತೋರಿಸಿದಂತೆ ಅದು ಮಾಡುವುದು ಇಷ್ಟು: ಇಳಿಯುತ್ತಿರುವಾಗ ಕೆಳಗಿನ ನೆಲ ಕಣ್ಣಿನಲ್ಲಿ ಸರಿಯುವ ವೇಗವನ್ನು ಬದಲಾಗದಂತೆ ನೋಡಿಕೊಳ್ಳುತ್ತದೆ. ನೆಲ ಹತ್ತಿರವಾದಂತೆ ಅದು ಹೆಚ್ಚು ರಭಸದಿಂದ ಸರಿಯಬೇಕು. ಸರಿಯಗೊಡದಿರಲು ನೊಣ ತನ್ನ ವೇಗವನ್ನು ತಗ್ಗಿಸಬೇಕು. ಎತ್ತರ ಅರ್ಧವಾದಾಗ ವೇಗವೂ ಅರ್ಧ, ಕಾಲಾದಾಗ ಕಾಲು. ಇಳಿಯುವ ವೇಗವು ಮುಂದೆ ಸಾಗುವ ವೇಗಕ್ಕೆ ಅನುಗುಣವಾಗಿರುವುದರಿಂದ ಅದೂ ಜೊತೆಯಲ್ಲಿಯೇ ಕುಗ್ಗುತ್ತದೆ. ನೆಲ ಮುಟ್ಟುವ ಹೊತ್ತಿಗೆ ಎರಡೂ ಸೊನ್ನೆಗೆ ಸಮೀಪವಾಗಿ ಕಾಲು ಮೆತ್ತಗೆ ಊರುತ್ತದೆ. ಒಂದೇ ನಿಯಮದಿಂದ ಮೂರು ಲೆಕ್ಕಗಳು ಸರಿಹೋಗುವ ಈ ಚಮತ್ಕಾರ, ದಿನವಿಡೀ ಲೆಕ್ಕದ ನಡುವೆ ಇರುವ ನಮಗೂ ಬೆರಗು ತಂದಿತು.

ಜವಾನ್ ಚಾಲ್ ಮುಂತಾದವರೊಡನೆ ಈ ನಿಯಮವನ್ನು ಮಾನವರಹಿತ ವಿಮಾನಗಳಿಗೆ ಅಳವಡಿಸಿದ ಕೆಲಸದ ವರದಿ 2004ರಲ್ಲಿ ಬಂದಿತು. ನೆಲದತ್ತ ನೋಡುವ ಕ್ಯಾಮೆರಾ ಮತ್ತು ಹಗುರ ಗಣಕದಿಂದಲೇ ಎತ್ತರವನ್ನು ಕಾಯ್ದುಕೊಳ್ಳುವ, ಇಳಿಯುವ ಬಗೆಯನ್ನು ಅದು ಪರೀಕ್ಷಿಸಿತು. ಉಪಗ್ರಹದ ಮಾರ್ಗದರ್ಶನವಿಲ್ಲದ ಮಂಗಳ ಗ್ರಹದಲ್ಲಿ ಹಾರುವ ಯಂತ್ರಗಳಿಗೆ ಇಂತಹ ಉಪಾಯ ನೆರವಾದೀತೆಂದು ಅಮೆರಿಕದ ನಾಸಾ ಸಂಸ್ಥೆಯೂ ಆ ವರುಷಗಳಲ್ಲಿ ಆಸಕ್ತಿ ತಳೆದಿತ್ತು.

ಇಂದು ಅಂಗಡಿಯಲ್ಲಿ ಸಿಗುವ ಅನೇಕ ಡ್ರೋನ್‌ಗಳ ಹೊಟ್ಟೆಯ ಕೆಳಗೆ ಒಂದು ಪುಟ್ಟ ಕ್ಯಾಮೆರಾ ಇದೆ. ಮದುವೆ ಮಂಟಪದೊಳಗೆ, ಉಪಗ್ರಹದ ಸಂಕೇತ ತಲುಪದ ಕಡೆಯಲ್ಲಿ, ಅದು ನೆಲದ ಸರಿದಾಟವನ್ನು ನೋಡುತ್ತಲೇ ಒಂದೇ ಕಡೆ ನಿಲ್ಲುತ್ತದೆ. ಇದೆಲ್ಲ ಜೇನಿನಿಂದ ಕಲಿತದ್ದು ಎಂದು ಬರೆಯುವುದು ಸುಲಭ, ಹಾಗೆ ಬರೆದವರೂ ಇದ್ದಾರೆ. ನಮಗೆ ಅದು ಅತಿಶಯೋಕ್ತಿಯೆನಿಸುತ್ತದೆ. ವಿಮಾನ ಚಾಲಕರ ದೃಷ್ಟಿಯನ್ನು ಕುರಿತು ಅಮೆರಿಕದ ಜೇಮ್ಸ್ ಗಿಬ್ಸನ್ 1940ರ ದಶಕದಿಂದಲೇ ದೃಶ್ಯಪ್ರವಾಹವನ್ನು ಅಭ್ಯಸಿಸಿದ್ದರು. ಗಣಕದಿಂದ ಅದನ್ನು ಅಳೆಯುವ ಗಣಿತ ಸೂತ್ರಗಳು 1981ರಲ್ಲಿಯೇ ಪ್ರಕಟವಾಗಿದ್ದವು. ಜೇನು ಕೊಟ್ಟದ್ದು ಸೂತ್ರವನ್ನಲ್ಲ, ಧೈರ್ಯವನ್ನು: ಒರಟು ಚಿತ್ರ, ಅಲ್ಪ ಮಿದುಳು ಇದ್ದರೂ ಹಾರಾಟ ಸಾಧ್ಯ ಎಂಬ ಜೀವಂತ ನಿದರ್ಶನವನ್ನು. ಜೇನಿನ ದೌರ್ಬಲ್ಯವೂ ಯಂತ್ರಕ್ಕೆ ಹಾಗೆಯೇ ಬಂದಿದೆ. ನುಣುಪಾದ ನೆಲ, ನಿಂತ ನೀರು, ಕತ್ತಲೆ: ಇವುಗಳ ಮೇಲೆ ಅಂತಹ ಡ್ರೋನ್ ತಡವರಿಸುತ್ತದೆ.

ಮುಂದಿನ ವರುಷಗಳಲ್ಲಿ ಶ್ರೀನಿವಾಸನ್ ತಂಡ ಬಜರಿಗರ್ ಎಂಬ ಪುಟ್ಟ ಗಿಳಿಗಳತ್ತ ತಿರುಗಿತು. ಅವೂ ಎರಡು ಕಣ್ಣಿನ ಪ್ರವಾಹವನ್ನು ಸಮನಾಗಿಟ್ಟುಕೊಂಡೇ ಹಾರುತ್ತವೆ ಎಂಬುದು 2011ರಲ್ಲಿ ಪ್ರಕಟವಾಯಿತು. ಓಣಿಯ ಎರಡು ತುದಿಗಳಿಂದ ಎದುರುಬದುರಾಗಿ ಬಿಟ್ಟಾಗ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ, ಎರಡೂ ತಮ್ಮ ಬಲಕ್ಕೆ ಸರಿಯುತ್ತವೆ ಎಂಬುದು 2016ರಲ್ಲಿ. ಜೇನ್ನೊಣಗಳು ದಾರಿಯ ಗುರುತುಗಳನ್ನು ನಾಲ್ಕರವರೆಗೆ ಎಣಿಸಬಲ್ಲವು ಎಂಬ 2008ರ ಪ್ರಬಂಧವೂ ಇದೇ ತಂಡದ್ದು.

2024ರ ಪ್ರಶ್ನೆಗಳು

ಕತೆ ಇಲ್ಲಿಗೆ ಮುಗಿದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. 2024ರಲ್ಲಿ ಲಾರಾ ಲ್ಯೂಬರ್ಟ್ ಮತ್ತು ಲಿಯೊರ್ ಪ್ಯಾಕ್ಟರ್ ಎಂಬ ಇಬ್ಬರು ಸಂಶೋಧಕರು 1996ರಿಂದ 2010ರವರೆಗಿನ ಜೇನು ದೂರಮಾಪನದ ಹಲವು ಪ್ರಬಂಧಗಳನ್ನು ಪರಿಶೀಲಿಸಿ, ಅಂಕಿಗಳಲ್ಲಿ ಅಸಂಗತತೆ, ಪುನರಾವರ್ತಿತ ಚಿತ್ರಗಳು, ಲೆಕ್ಕದ ತಪ್ಪುಗಳು ಮೊದಲಾದುವು ಕಂಡುಬಂದಿವೆಯೆಂದೂ ಆ ಪ್ರಯೋಗಗಳನ್ನು ಮತ್ತೆ ಮಾಡುವುದು ಸೂಕ್ತವೆಂದೂ ಬರೆದರು. ಉದ್ದೇಶಪೂರ್ವಕ ತಪ್ಪು ನಡೆದಿದೆ ಎಂಬ ಸೂಚನೆಯನ್ನು ಶ್ರೀನಿವಾಸನ್ ನಿರಾಕರಿಸಿದರು.

ಇದನ್ನು ಮರೆಮಾಚಿ ಅಭಿಮಾನದ ಲೇಖನ ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಆರೋಪವನ್ನೇ ತೀರ್ಪೆಂದು ಬರೆಯುವುದೂ ಅನ್ಯಾಯವೇ. ಬ್ಯಾಂಕಿನ ಕೆಲಸದಲ್ಲಿ ಲೆಕ್ಕಪರಿಶೋಧಕರು ಬಂದಾಗ ನಾವು ಕಲಿತ ಒಂದು ವಿವೇಕವಿದೆ. ದಿನದ ಮೊತ್ತ ತಾಳೆಯಾಯಿತೆಂದು ನಡುವಣ ನಮೂದುಗಳೆಲ್ಲ ಸರಿಯಿರಬೇಕೆಂದಿಲ್ಲ. ಒಂದು ನಮೂದು ತಪ್ಪಿತೆಂದು ಖಾತೆಯಲ್ಲಿ ಹಣವೇ ಇರಲಿಲ್ಲವೆಂದೂ ಆಗದು. ಇಲ್ಲಿ ಯಾವುದು ಯಾವ ಬಗೆಯದು ಎಂದು ಬೇರ್ಪಡಿಸಿ ನೋಡಬೇಕು. ಬಲೂನಿನ ಪ್ರಯೋಗ ಶ್ರೀನಿವಾಸನ್ ಅವರದಲ್ಲ, ಬೇರೆಯವರದು. ಕನ್ನಡಿಯ ನೆಲದ ಪ್ರಯೋಗವೂ ಬೇರೆ ದೇಶದ್ದು. ಓಣಿಯ ನಡುವೆ ಹಾರುವ ಗುಣವನ್ನು ಬಂಬಲ್‌ಬೀ ಎಂಬ ದಪ್ಪ ಜೇನುಗಳಲ್ಲಿ ಇತರ ಪ್ರಯೋಗಶಾಲೆಗಳೂ ಕಂಡಿವೆ. ದೃಶ್ಯದ ಓಟವನ್ನು ನೊಣ ಬಳಸುತ್ತದೆ ಎಂಬ ಮೂಲ ಮಾತಿಗೆ ಹೀಗೆ ಹಲವು ಆಧಾರಗಳಿವೆ. ಇಷ್ಟು ಓಟಕ್ಕೆ ಇಷ್ಟು ಓಲಾಟ ಎಂಬ ನಿಖರ ಅಂಕಿಗಳು ಬೇರೆ ಮಾತು. ಅವುಗಳನ್ನು ಆಧರಿಸಿ ಯಾರಾದರೂ ಯಂತ್ರ ಕಟ್ಟುವುದಾದರೆ, ಮೊದಲು ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡುವುದು ಲೇಸು.

ನಮ್ಮ ಜೇನುಗಳು

ಇಷ್ಟು ಹೊತ್ತು ಹೇಳಿದ ಸುರಂಗದ ಪ್ರಯೋಗಗಳು ಯೂರೋಪಿನ ಜೇನುತಳಿಯ ಮೇಲೆ ನಡೆದಂಥವು. ನಮ್ಮ ನಾಡಿನ ಜೇನುಗಳೇ ಬೇರೆ. ಮರದ ಪೊಟರೆಯಲ್ಲಿ, ಪೆಟ್ಟಿಗೆಯಲ್ಲಿ ಗೂಡು ಮಾಡುವ ತುಡುವೆ. ಪೊದೆಯ ಕೊಂಬೆಗೆ ಒಂದೇ ಪುಟ್ಟ ಹುಟ್ಟು ಕಟ್ಟುವ ಕೋಲುಜೇನು. ಎತ್ತರದ ಮರಗಳಿಗೂ ಮಹಡಿ ಕಟ್ಟಡಗಳಿಗೂ ಜೋತುಬೀಳುವ ಹೆಜ್ಜೇನು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಆಕ್ಸೆಲ್ ಬ್ರಾಕ್‌ಮನ್ ಅವರ ತಂಡ, ಜರ್ಮನಿಯ ಸಹೋದ್ಯೋಗಿಗಳೊಡನೆ, ಈ ಮೂರರ ಕುಣಿತಗಳನ್ನು ಹೋಲಿಸಿ ನೋಡಿತು. ಈ ಬ್ರಾಕ್‌ಮನ್ ನೀರಿನ ಮೇಲಿನ ಹಾರಾಟವನ್ನು ಕುರಿತ 2004ರ ಪ್ರಬಂಧದಲ್ಲಿ ಟೌಟ್ಸ್ ಹಾಗೂ ಶ್ರೀನಿವಾಸನ್ ಅವರ ಸಹಲೇಖಕರೂ ಆಗಿದ್ದವರು.

2020ರಲ್ಲಿ ಪ್ರಕಟವಾದ ಅದರ ಫಲಿತಾಂಶವೆಂದರೆ, ಒಂದೊಂದು ಜಾತಿಗೂ ಕುಣಿತದ ಒಂದೊಂದು ಉಪಭಾಷೆ ಇದೆ. ಗೂಡಿನ ಸುತ್ತ ಹತ್ತಿರದಲ್ಲಿಯೇ ಮೇಯುವ ತುಡುವೆಯು ದೂರ ಸ್ವಲ್ಪ ಹೆಚ್ಚಿದರೂ ಓಲಾಟವನ್ನು ಬಹಳ ಹೆಚ್ಚಿಸುತ್ತದೆ. ಬಹುದೂರ ಹೋಗುವ ಹೆಜ್ಜೇನು ಅದೇ ದೂರವನ್ನು ಚುಟುಕಾಗಿ ಹೇಳಿ ಮುಗಿಸುತ್ತದೆ. ಕೋಲುಜೇನಿನದು ನಡುವಣ ರೀತಿ. ಹತ್ತಿರದಲ್ಲಿ ಓಡಾಡುವವರಿಗೆ ಅಡಿಯ ಲೆಕ್ಕ, ದೂರ ಹೋಗುವವರಿಗೆ ಹರದಾರಿಯ ಲೆಕ್ಕ. ಫಾನ್ ಫ್ರಿಶ್ ಹಿಂದೆ ಹೀಗಿರಬಹುದೆಂದು ಊಹಿಸಿದ್ದರು. ಊಹೆಗೆ ಗಟ್ಟಿ ಅಳತೆ ಸಿಕ್ಕಿದ್ದು ದಕ್ಷಿಣ ಭಾರತದ ಜೇನುಗಳಿಂದ.